ಐಷಾರಾಮಿ ಹೋಟೆಲಿನಲ್ಲಿ ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಪಂಚತಾರಾ ಹೋಟೆಲೊಂದರ ಊಟದ ಕೋಣೆಯಲ್ಲಿ ನಾನು ಹನ್ನೊಂದು ವರ್ಷ ಬಡಿಸಿದ್ದೇನೆ. ಮೊದಲು ಬಡಿಸುವ ಸ್ಟೂವರ್ಡ್ ಆಗಿ, ಆಮೇಲೆ ಬಡಿಸುವವರ ಮೇಲ್ವಿಚಾರಣೆಯ ಕ್ಯಾಪ್ಟನ್ ಆಗಿ. ಆ ಕೆಲಸ ಬಿಟ್ಟ ಮೇಲೂ ಬಂಧುಗಳು, ಪರಿಚಿತರು, ಅವರ ಪರಿಚಿತರು ಅಂಥ ಕಡೆ ಊಟಕ್ಕೆ ಹೊರಡುವ ಮುನ್ನ ನನ್ನನ್ನು ಕೇಳುವುದು ನಿಂತಿಲ್ಲ. ಮಗನ ಮೊದಲ ಸಂಬಳದ ಔತಣ, ಬೀಗರೊಂದಿಗಿನ ಮೊದಲ ಭೇಟಿ, ಅಪ್ಪ ಅಮ್ಮನ ಮದುವೆಯ ಐವತ್ತನೇ ವರ್ಷ, ಹೀಗೆ ಸಂದರ್ಭಗಳು ಬೇರೆ ಬೇರೆ; ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಅಂಥ ಕೋಣೆಯ ಪ್ರತಿಯೊಂದು ಪದ್ಧತಿಯ ಹಿಂದೆ ಅಡುಗೆಗೋ ಬಡಿಸುವ ಕೈಗೋ ಸಂಬಂಧಿಸಿದ ಒಂದು ಸರಳ ಕಾರಣವಿರುತ್ತದೆ, ಅದು ತಿಳಿದವರಿಗೆ ಅಂಜಿಕೆ ಉಳಿಯುವುದಿಲ್ಲ ಎಂಬುದು ನನ್ನ ಅನುಭವ.

ಹೋಗುವ ಮುನ್ನ

ಹೋಟೆಲಲ್ಲಿ ರೂಮು ಮಾಡದೆ ಬರೀ ಊಟಕ್ಕೆ ಹೋದರೆ ಒಳಗೆ ಬಿಡ್ತಾರಾ?

ಖಂಡಿತ ಬಿಡುತ್ತಾರೆ. ದೊಡ್ಡ ಹೋಟೆಲುಗಳ ರೆಸ್ಟೋರೆಂಟುಗಳಿಗೆ ಬರುವವರಲ್ಲಿ ಊರಿನವರೇ ಬಹಳ ಮಂದಿ. ಗೇಟಿನಲ್ಲಿ ವಾಹನವನ್ನೂ ಬಾಗಿಲಲ್ಲಿ ಚೀಲವನ್ನೂ ತಪಾಸಣೆ ಮಾಡುವುದು ಎಲ್ಲರಿಗೂ ಅನ್ವಯಿಸುವ ಭದ್ರತಾ ಕ್ರಮವಾದ್ದರಿಂದ ಅದನ್ನು ಅನುಮಾನವೆಂದು ಭಾವಿಸಬೇಕಾಗಿಲ್ಲ. ಆಟೋದಲ್ಲಿ ಬಂದರೂ ಬಾಗಿಲು ತೆರೆಯುವವರು ಅದೇ ನಮಸ್ಕಾರದಿಂದ ತೆರೆಯುತ್ತಾರೆ. ರೆಸ್ಟೋರೆಂಟಿನ ಹೆಸರು ಹೇಳಿದರೆ ಅಲ್ಲಿಯವರೆಗೆ ಕರೆದುಕೊಂಡು ಹೋಗುವವರು ಇರುತ್ತಾರೆ.

ಟೇಬಲ್ ಮೊದಲೇ ಕಾದಿರಿಸಲೇಬೇಕಾ? ಫೋನಲ್ಲಿ ಏನೇನು ಹೇಳಬೇಕು?

ವಾರದ ನಡುವಿನ ಮಧ್ಯಾಹ್ನ ಹಾಗೆಯೇ ಹೋದರೂ ಜಾಗ ಸಿಗಬಹುದು. ಶನಿವಾರ ರಾತ್ರಿಗೆ ಕಾದಿರಿಸದೆ ಹೊರಡುವುದು ಬೇಡ. ಫೋನ್ ಮಾಡುವಾಗ ಎಷ್ಟು ಜನ, ಎಷ್ಟು ಹೊತ್ತಿಗೆ ಎಂಬುದರ ಜೊತೆಗೆ ಇನ್ನೂ ಕೆಲವು ಸಂಗತಿಗಳನ್ನು ತಿಳಿಸಿದರೆ ಊಟದ ಅರ್ಧ ಯಶಸ್ಸು ಅಲ್ಲೇ ಖಾತ್ರಿಯಾಗುತ್ತದೆ. ಮಂಡಿನೋವಿನ ಹಿರಿಯರಿದ್ದರೆ ಮೆಟ್ಟಿಲಿಲ್ಲದ ದಾರಿ ಮತ್ತು ಕೈಯಿರುವ ಕುರ್ಚಿ ಬೇಕೆಂದು, ಸಕ್ಕರೆ ಕಾಯಿಲೆಯವರಿದ್ದರೆ ಊಟ ತಡವಾಗಬಾರದೆಂದು, ಯಾರಿಗಾದರೂ ಕಡಲೆಕಾಯಿಯೋ ಸಿಗಡಿಯೋ ಒಗ್ಗದಿದ್ದರೆ ಅದನ್ನೂ ಹೇಳಿ. ಕಾದಿರಿಸಿದ ಸಮಯಕ್ಕಿಂತ ಬಹಳ ತಡವಾದರೆ ಮೇಜನ್ನು ಬೇರೆಯವರಿಗೆ ಕೊಟ್ಟುಬಿಡಬಹುದು. ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಒಂದು ಕರೆ ಮಾಡಿದರೆ ಸಾಕು.

ನಮ್ಮಪ್ಪ ಪಂಚೆ ಬಿಟ್ಟು ಬೇರೇನೂ ಉಡಲ್ಲ. ಬಾಗಿಲಲ್ಲೇ ತಡೆದುಬಿಟ್ಟರೆ?

ಈ ಪ್ರಶ್ನೆ 2024ರ ನಂತರ ಹೆಚ್ಚಾಗಿದೆ. ಆ ವರ್ಷ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಪಂಚೆಯುಟ್ಟು ಬಂದ ಹಿರಿಯ ರೈತರೊಬ್ಬರನ್ನು ತಡೆದಾಗ ವಿಷಯ ವಿಧಾನಸಭೆಯವರೆಗೆ ಹೋಗಿ, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಉತ್ತಮ ಹೋಟೆಲುಗಳ ಉಡುಪಿನ ನಿಯಮ ಸಾಮಾನ್ಯವಾಗಿ ಗಂಡಸರ ಚಡ್ಡಿ, ತೋಳಿಲ್ಲದ ಬನಿಯನ್, ಹವಾಯಿ ಚಪ್ಪಲಿಗಳ ವಿರುದ್ಧ ಇರುತ್ತದೆಯೇ ಹೊರತು ನಮ್ಮ ಸಾಂಪ್ರದಾಯಿಕ ಉಡುಗೆಯ ವಿರುದ್ಧವಲ್ಲ. ಒಗೆದು ಇಸ್ತ್ರಿ ಮಾಡಿದ ಪಂಚೆ, ಅಂಗಿ, ಹೆಗಲ ಮೇಲೊಂದು ಶಲ್ಯ ಇದ್ದರೆ ಅದಕ್ಕಿಂತ ಘನವಾದ ಉಡುಪು ಆ ಕೋಣೆಯಲ್ಲಿ ಬೇರೊಂದಿರುವುದಿಲ್ಲ. ಆದರೂ ಮನಸ್ಸಿಗೆ ಅಳುಕಿದ್ದರೆ ಕಾದಿರಿಸುವಾಗಲೇ ಕೇಳಿ, ಉತ್ತರಿಸಿದವರ ಹೆಸರು ಬರೆದಿಟ್ಟುಕೊಳ್ಳಿ. ಅಲ್ಲಿಯ ಉತ್ತರ ಹಿಂದೇಟಿನದಾಗಿದ್ದರೆ ಅಪ್ಪನನ್ನು ಅಲ್ಲಿಗೆ ಕರೆದೊಯ್ಯಲೇಬೇಡಿ.

ಇಂಗ್ಲಿಷು ಸರಾಗ ಇಲ್ಲ. ಕನ್ನಡದಲ್ಲಿ ಮಾತಾಡಿದರೆ ನಡೆಯತ್ತಾ?

ನಡೆಯುತ್ತದೆ, ಮೊದಲ ಮಾತನ್ನು ಕನ್ನಡದಲ್ಲೇ ಆಡಿ ಎಂದು ನಾನು ಒತ್ತಿ ಹೇಳುತ್ತೇನೆ. ಬಡಿಸುವವರಲ್ಲಿ ಈಶಾನ್ಯ ರಾಜ್ಯಗಳಿಂದ, ಉತ್ತರಾಖಂಡದಿಂದ ಬಂದವರು ಇರುವಂತೆಯೇ ಕೊಡಗು, ಮಂಗಳೂರು, ಹಾಸನದ ಕಡೆಯವರೂ ಇರುತ್ತಾರೆ. ನೀವು ಕನ್ನಡದಲ್ಲಿ ಕೇಳಿದರೆ ಕನ್ನಡ ಬಲ್ಲ ಒಬ್ಬರು ನಿಮ್ಮ ಮೇಜಿಗೆ ಬರುತ್ತಾರೆ. ನನ್ನ ಮೇಜುಗಳಲ್ಲಿ ಇಂಗ್ಲಿಷಿನಲ್ಲಿ ಎರಡು ಮಾತಾಡಿ ಮುಗಿಸುತ್ತಿದ್ದ ಎಷ್ಟೋ ಮಂದಿ, ನಾನು "ಊಟ ಹೇಗಿದೆ ಸಾರ್?" ಎಂದ ಕೂಡಲೇ ಸಾರಿನ ಹುಳಿಯಿಂದ ಹಿಡಿದು ಅಕ್ಕಿಯ ಜಾತಿಯವರೆಗೆ ಮಾತಿಗೆ ತೊಡಗುತ್ತಿದ್ದರು. ಬೇಕಾದ ರುಚಿಯನ್ನು ತನ್ನ ಭಾಷೆಯಲ್ಲಿ ಹೇಳಿದವರಿಗೆ ಅಡುಗೆಮನೆಯೂ ಹೆಚ್ಚು ಹತ್ತಿರದ್ದನ್ನು ಮಾಡಿಕೊಡಬಲ್ಲದು.

ಮೇಜಿನ ಮುಂದೆ

ಇಷ್ಟೊಂದು ಚಾಕು, ಫೋರ್ಕು, ಚಮಚ ಯಾಕಿಟ್ಟಿರ್ತಾರೆ? ಯಾವುದರಿಂದ ಶುರು ಮಾಡೋದು?

ಹೊರಗಿನಿಂದ ಒಳಕ್ಕೆ ಬನ್ನಿ, ಬೇರೆ ಸೂತ್ರವಿಲ್ಲ. ತಟ್ಟೆಯಿಂದ ಅತ್ಯಂತ ದೂರದಲ್ಲಿರುವುದು ಮೊದಲು ಬರುವ ತಿನಿಸಿಗೆ, ತಟ್ಟೆಯ ಪಕ್ಕದ್ದು ಮುಖ್ಯ ಊಟಕ್ಕೆ, ತಟ್ಟೆಯ ಆಚೆ ಬದಿಗೆ ಅಡ್ಡ ಇಟ್ಟದ್ದು ಸಿಹಿಗೆ. ಎಡಕ್ಕಿರುವ ಪುಟ್ಟ ತಟ್ಟೆ ಬ್ರೆಡ್ಡಿನದು, ಬಲಕ್ಕಿರುವ ಲೋಟಗಳು ನಿಮ್ಮವು.

ಕಾರಣ ತಿಳಿಯಬೇಕಾದರೆ ನಮ್ಮ ಪಂಕ್ತಿಯ ಊಟವನ್ನು ನೆನೆಸಿಕೊಳ್ಳಿ. ಬಾಳೆ ಎಲೆಯ ತುದಿ ಎಡಕ್ಕೆ, ಮೇಲುಸಾಲಿನಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಅನ್ನ ಬಂದ ಮೇಲೆ ಮೊದಲು ತೊವ್ವೆ ತುಪ್ಪ, ಆಮೇಲೆ ಸಾರು, ಹುಳಿ, ಸಿಹಿ, ಕೊನೆಗೆ ಮಜ್ಜಿಗೆ. ಸಾರಿಗೆ ಮೊದಲು ಯಾರೂ ಮಜ್ಜಿಗೆ ಕೇಳುವುದಿಲ್ಲ. ಯುರೋಪಿನಲ್ಲಿ ಬಹುಕಾಲ ಎಲ್ಲ ತಿನಿಸುಗಳನ್ನೂ ಒಟ್ಟಿಗೆ ಮೇಜಿನ ಮೇಲೆ ಹರಡುವ ವಾಡಿಕೆಯಿತ್ತು, ಬಿಸಿಯಾದದ್ದು ಬಾಯಿಗೆ ಬರುವಷ್ಟರಲ್ಲಿ ಆರುತ್ತಿತ್ತು. ಒಂದಾದ ಮೇಲೊಂದು ಬಡಿಸುವ ರಷ್ಯನ್ ಪದ್ಧತಿ ಅಲ್ಲಿ ನೆಲೆಯೂರಿದ್ದು 19ನೆಯ ಶತಮಾನದಲ್ಲಿ. ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಬೆಳೆದವರಿಗೆ ಕ್ರಮವಾದ ಊಟ ಹೊಸದೇನಲ್ಲ, ಇಲ್ಲಿ ಉಪಕರಣಗಳಷ್ಟೇ ಹೊಸವು. ಮೀನಿನ ಚಾಕು ಮೊಂಡಾಗಿರುವುದು ಬೆಂದ ಮೀನನ್ನು ಕೊಯ್ಯದೆ ಪದರ ಪದರವಾಗಿ ಬಿಡಿಸಿ ಮುಳ್ಳಿನಿಂದ ಬೇರ್ಪಡಿಸಲೆಂದು. ತುಕ್ಕು ಹಿಡಿಯದ ಉಕ್ಕು 20ನೆಯ ಶತಮಾನದಲ್ಲಿ ಬಳಕೆಗೆ ಬರುವ ಮುನ್ನ ಅದನ್ನು ಬೆಳ್ಳಿಯಲ್ಲಿ ಮಾಡಿಸುತ್ತಿದ್ದರು, ಏಕೆಂದರೆ ನಿಂಬೆಯ ಹುಳಿ ತಾಗಿದ ಉಕ್ಕು ಮೀನಿನ ರುಚಿ ಕೆಡಿಸುತ್ತಿತ್ತು.

ತಿನ್ನುತ್ತಾ ನಡುವೆ ನಿಲ್ಲಿಸಿದರೆ ಚಾಕು ಮತ್ತು ಫೋರ್ಕನ್ನು ತಟ್ಟೆಯ ಮೇಲೆ ಓರೆಯಾಗಿ, ಒಂದಕ್ಕೊಂದು ದೂರವಿಡಿ. ಮುಗಿದರೆ ಜೊತೆಯಾಗಿ ಇಡಿ. ಬಡಿಸುವವರು ದೂರದಿಂದ ಓದುವ ಸಂಕೇತವಿದು. ತಪ್ಪು ಚಮಚ ಎತ್ತಿಕೊಂಡಿರಾ? ಮುಂದಿನ ತಿನಿಸು ಬರುವಷ್ಟರಲ್ಲಿ ಸರಿಯಾದದ್ದು ಸದ್ದಿಲ್ಲದೆ ಬಂದು ಕೂತಿರುತ್ತದೆ. ಅದನ್ನು ಸದ್ದಿಲ್ಲದೆ ಇಡುವುದೇ ನಮಗೆ ಕಲಿಸುವ ಮೊದಲ ಪಾಠ.

ಕೈಯಲ್ಲಿ ತಿಂದರೆ ನಗ್ತಾರಾ?

ದೆಹಲಿಯ ಐಟಿಸಿ ಮೌರ್ಯ ಹೋಟೆಲಿನ ಬುಖಾರಾ, ದೇಶದ ಅತ್ಯಂತ ಹೆಸರಾಂತ ರೆಸ್ಟೋರೆಂಟುಗಳಲ್ಲೊಂದು. ಅಲ್ಲಿ ಅತಿಥಿಗಳಿಗೆ ಕತ್ತಿನಿಂದ ಕೆಳಗೆ ಇಳಿಬಿಡುವ ಚೌಕುಳಿ ಬಟ್ಟೆ ಕಟ್ಟಿ, ಕೈಯಲ್ಲೇ ತಿನ್ನಲು ಹೇಳುತ್ತಾರೆ. ವಿದೇಶಗಳ ರಾಷ್ಟ್ರಾಧ್ಯಕ್ಷರೂ ಅಲ್ಲಿ ಹಾಗೆಯೇ ಉಂಡಿದ್ದಾರೆ. ನೀರುದೋಸೆಯನ್ನು ಫೋರ್ಕಿನಿಂದ ಸುತ್ತುವ ಕಷ್ಟಕ್ಕಿಂತ ಕೈಯಲ್ಲಿ ಮಡಚಿ ಗಸಿಗೆ ಅದ್ದುವುದು ಚೆಂದ, ರುಚಿಯೂ ಹೆಚ್ಚು. ಊಟವಾದ ಮೇಲೆ ನಿಂಬೆಯ ತುಂಡು ತೇಲುವ ಉಗುರುಬೆಚ್ಚಗಿನ ನೀರಿನ ಬಟ್ಟಲು ಬರುತ್ತದೆ. ಬೆರಳ ತುದಿಗಳನ್ನು ಅದರಲ್ಲಿ ಅದ್ದಿ ಕರವಸ್ತ್ರಕ್ಕೆ ಒರೆಸಿಕೊಳ್ಳಬೇಕು. ಕೈತೊಳೆಯುವ ಜಾಗ ಎಲ್ಲಿದೆ ಎಂದು ಕೇಳಿ ಎದ್ದು ಹೋಗುವುದೂ ಅಷ್ಟೇ ಸರಿ.

ಮೆನು ನೋಡಿದರೆ ಏನೂ ಅರ್ಥವಾಗಲ್ಲ. ಕೇಳೋಕೆ ಮುಜುಗರ. ಏನು ಮಾಡಲಿ?

ನನ್ನ ಎರಡನೆಯ ವರ್ಷದಲ್ಲಿ ಒಂದು ಕುಟುಂಬ ಬಂದಿತ್ತು. ಅಜ್ಜಿಯೊಬ್ಬರು ಮೆನುವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು, ಪುಟ ತಿರುಗಿಸದೆ, "ನನಗೇನೂ ಹಸಿವಿಲ್ಲಪ್ಪ" ಎಂದರು. ಹಾಗೆಯೇ ಅಡುಗೆಮನೆಗೆ ಆರ್ಡರ್ ಒಯ್ದೆ. ನೀರು ತುಂಬಲು ಮತ್ತೆ ಬಂದಾಗ ಗಮನಿಸಿದೆ: ಅವರ ಮೇಲೆ ಬೀಳುತ್ತಿದ್ದುದು ಒಂದು ಮೊಂಬತ್ತಿಯ ಬೆಳಕು, ಮೆನುವಿನ ಅಕ್ಷರಗಳು ಎಳ್ಳಿನ ಕಾಳಿನಷ್ಟು. ಅವರಿಗೆ ಹಸಿವಿತ್ತು, ಓದಲಾಗಿರಲಿಲ್ಲ. ಪಕ್ಕದಲ್ಲಿ ಕುಳಿತು ಒಂದೊಂದನ್ನೇ ಹೇಳಿದೆ. ಅವರು ಕೇಳಿದ್ದು ಮೆತ್ತಗಿನ ಅನ್ನ ಮತ್ತು ಖಾರವಿಲ್ಲದ ತೊವ್ವೆ. ಅದು ಮೆನುವಿನಲ್ಲಿ ಇರಲಿಲ್ಲ; ಅಡುಗೆಮನೆ ಹತ್ತು ನಿಮಿಷದಲ್ಲಿ ಮಾಡಿಕೊಟ್ಟಿತು. ಮರುದಿನದಿಂದ ಕೆಲಸ ಬಿಡುವವರೆಗೂ ನನ್ನ ಜೇಬಿನಲ್ಲಿ ಒಂದು ಪುಟ್ಟ ಟಾರ್ಚ್ ಇರುತ್ತಿತ್ತು.

ಆದ್ದರಿಂದ ಕೇಳಿ. "ಇದರಲ್ಲಿ ಏನೇನು ಹಾಕಿರುತ್ತೀರಿ, ಎಷ್ಟು ಖಾರ, ಇಬ್ಬರಿಗೆ ಸಾಕಾಗುತ್ತದೆಯೇ?" ಎಂಬ ಮೂರು ಪ್ರಶ್ನೆಗಳಿಗೆ ಉತ್ತರಿಸಲು ಕಲಿತಿರುವುದು ಬಡಿಸುವವರ ವೃತ್ತಿಯ ತಿರುಳು. ಅತಿಥಿ ಕೇಳದಿದ್ದರೆ ಆ ಕಲಿಕೆ ಬಳಕೆಗೇ ಬರುವುದಿಲ್ಲ.

ನಾವು ಅಪ್ಪಟ ಸಸ್ಯಾಹಾರಿಗಳು. ನಂಬಿ ತಿನ್ನಬಹುದಾ?

ಹಸಿರು ಚುಕ್ಕೆಯ ಗುರುತು ನೋಡಿ ಸುಮ್ಮನಾಗದೆ ಬಾಯಿಬಿಟ್ಟು ಹೇಳಿ. ಮೊಟ್ಟೆ, ಬೆಳ್ಳುಳ್ಳಿ, ಈರುಳ್ಳಿ ನಡೆಯುತ್ತದೆಯೋ ಇಲ್ಲವೋ ಎಂಬುದನ್ನೂ ಬಿಡಿಸಿ ಹೇಳಿ. ನಮ್ಮ ನಾಡಿನ ಅಡುಗೆಯಲ್ಲಿ ಗೊಂದಲ ಕಡಿಮೆ. ಪಾಶ್ಚಾತ್ಯ ಮತ್ತು ಪೂರ್ವ ಏಷ್ಯಾದ ಅಡುಗೆಗಳಲ್ಲಿ ಕಣ್ಣಿಗೆ ಕಾಣದ ಮಾಂಸಾಂಶಗಳಿರಬಹುದು. ತರಕಾರಿ ಸೂಪಿಗೆ ಮೂಳೆ ಕುದಿಸಿದ ಸಾರವಿರಬಹುದು, ಥಾಯ್ ಮೇಲೋಗರಕ್ಕೆ ಮೀನಿನ ಸಾಸ್ ಬಿದ್ದಿರಬಹುದು, ನಡುಗುವ ಸಿಹಿತಿನಿಸಿನಲ್ಲಿ ಜೆಲಾಟಿನ್ ಇರಬಹುದು. ವೂಸ್ಟರ್‌ಶೈರ್ ಸಾಸಿನಲ್ಲಿ ಸಾಂಪ್ರದಾಯಿಕವಾಗಿ ಸಣ್ಣ ಮೀನು ಸೇರುತ್ತದೆ. ಇಟಲಿಯ ಸಾಂಪ್ರದಾಯಿಕ ಪಾರ್ಮೆಸಾನ್ ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ನಿಮ್ಮ ತಟ್ಟೆಗೆ ಬರುವುದು ಯಾವ ಚೀಸ್ ಎಂದು ಕೇಳಲು ಹಿಂಜರಿಯಬೇಡಿ. ಉತ್ತರ ಖಚಿತವಿಲ್ಲದ ಸ್ಟೂವರ್ಡ್ "ಅಡುಗೆಮನೆಯಲ್ಲಿ ಕೇಳಿ ಬರುತ್ತೇನೆ" ಎಂದರೆ ಅವನನ್ನು ನಂಬಿ. ಯೋಚಿಸದೆ "ಏನೂ ಇಲ್ಲ" ಎಂದವನನ್ನು ಇನ್ನೊಮ್ಮೆ ಕೇಳಿ.

ಊಟ ಬರೋದು ಯಾಕಷ್ಟು ತಡ?

ಒಂದೇ ಮೇಜಿನ ಆರು ತಿನಿಸುಗಳು ಆರು ಒಲೆಗಳ ಮುಂದೆ, ಬೇರೆ ಬೇರೆ ಹೊತ್ತಿಗೆ ಬೇಯುವಂಥವು. ಅವೆಲ್ಲ ಒಂದೇ ನಿಮಿಷಕ್ಕೆ ಸಿದ್ಧವಾಗಿ ಒಟ್ಟಿಗೆ ಹೊರಬರಬೇಕು. ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಉದ್ದನೆಯ ಕಟ್ಟೆಗೆ ಪಾಸ್ ಎನ್ನುತ್ತಾರೆ. ಅಲ್ಲಿ ನಿಂತ ಹಿರಿಯ ಬಾಣಸಿಗರು ಚೀಟಿ ಓದಿ, ಯಾವುದನ್ನು ಯಾವಾಗ ಒಲೆಗೇರಿಸಬೇಕೆಂದು ಕೂಗಿ ಹೇಳುತ್ತಾರೆ, ತಟ್ಟೆಯ ಅಂಚನ್ನು ಒರೆಸಿದ ಮೇಲಷ್ಟೇ ಹೊರಗೆ ಬಿಡುತ್ತಾರೆ. ಅವಸರವಿದ್ದರೆ ಕುಳಿತ ಕೂಡಲೇ ತಿಳಿಸಿ, ಬೇಗ ಆಗುವ ತಿನಿಸುಗಳನ್ನೇ ಸೂಚಿಸುತ್ತಾರೆ.

ರುಚಿ ಸರಿಯಿಲ್ಲದಿದ್ದರೆ ವಾಪಸ್ ಕಳಿಸೋದು ಅಸಭ್ಯವೇ?

ಅಸಭ್ಯವಲ್ಲ, ಆದರೆ ಎರಡು ತುತ್ತಿನೊಳಗೆ ಹೇಳಬೇಕು. ಉಪ್ಪು ಹೆಚ್ಚಾಗಿದೆ, ತಣ್ಣಗಿದೆ, ಕೇಳಿದ್ದಕ್ಕಿಂತ ಹೆಚ್ಚು ಬೆಂದಿದೆ ಎಂದು ದೋಷವನ್ನು ನಿಖರವಾಗಿ, ಮೆಲುದನಿಯಲ್ಲಿ ತಿಳಿಸಿದರೆ ಬದಲಾಯಿಸಿ ತರುತ್ತಾರೆ. ಮುಕ್ಕಾಲು ತಿಂದ ಮೇಲೆ ದೂರಿದರೆ ಸರಿಪಡಿಸಲು ಏನೂ ಉಳಿದಿರುವುದಿಲ್ಲ. ಸುಮ್ಮನೆ ನುಂಗಿಕೊಂಡು ಮನೆಗೆ ಹೋಗಿ ಬೇಸರಪಡುವವರನ್ನು ನೆನೆದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ವೈನ್ ಸ್ವಲ್ಪವೇ ಸುರಿದು ನಮ್ಮ ಮುಖ ನೋಡ್ತಾ ನಿಲ್ತಾರೆ. ಆಗ ಏನು ಮಾಡಬೇಕು?

ಲೋಟವನ್ನು ಮೂಗಿನ ಬಳಿ ಹಿಡಿದು, ಒಂದು ಗುಟುಕು ಕುಡಿದು, ಸರಿಯಿದ್ದರೆ ತಲೆಯಾಡಿಸಿ. ಇದು ವೈನ್ ನಿಮಗೆ ಇಷ್ಟವಾಯಿತೇ ಎಂಬ ಪರೀಕ್ಷೆಯಲ್ಲ, ಸೀಸೆ ಕೆಟ್ಟಿದೆಯೇ ಎಂಬ ಪರೀಕ್ಷೆ. ಬೆಂಡಿನ ಬಿರಡೆಯಲ್ಲಿ ಕೆಲವೊಮ್ಮೆ ಹುಟ್ಟುವ ರಾಸಾಯನಿಕದಿಂದ ವೈನಿಗೆ ನೆನೆದ ರಟ್ಟಿನ ಪೆಟ್ಟಿಗೆಯಂಥ ಮುಗ್ಗಲು ವಾಸನೆ ಬರುತ್ತದೆ. ಹಾಗಿದ್ದರೆ ಬೇರೆ ಸೀಸೆ ತರುತ್ತಾರೆ. ಆಯ್ಕೆಗೆ ತೊಡಕಾದರೆ ಎಷ್ಟು ಬೆಲೆಯೊಳಗೆ ಬೇಕೆಂದು ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿ. ನಂದಿ ಬೆಟ್ಟದ ತಪ್ಪಲಲ್ಲೂ ಹಂಪಿಯ ಕಡೆಯಲ್ಲೂ ಬೆಳೆದ ದ್ರಾಕ್ಷಿಯ ವೈನುಗಳು ಪಟ್ಟಿಯಲ್ಲಿದ್ದರೆ ಅವನ್ನು ರುಚಿ ನೋಡುವುದು ಒಳ್ಳೆಯದು. ಕುಡಿಯದವರು ಲೋಟ ತೆಗೆಯಿರಿ ಎಂದರೆ ಸಾಕು, ವಿವರಣೆ ಕೊಡಬೇಕಾಗಿಲ್ಲ.

ಬಿಲ್ ಬಂದಾಗ

ನೀರಿಗೂ ದುಡ್ಡು, ಅದೂ ಸೀಸೆ ಮೇಲೆ ಅಚ್ಚಾದ ಬೆಲೆಗಿಂತ ಜಾಸ್ತಿ! ಇದು ಸರಿಯಾ?

ಕಾನೂನಿನ ಪ್ರಕಾರ ಸರಿ. ರೆಸ್ಟೋರೆಂಟಿನಲ್ಲಿ ನೀರಿನ ಸೀಸೆಯ ಜೊತೆಗೆ ಜಾಗ ಮತ್ತು ಸೇವೆಯೂ ಸೇರಿರುವುದರಿಂದ ಮುದ್ರಿತ ಗರಿಷ್ಠ ಬೆಲೆಗಿಂತ ಹೆಚ್ಚು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ತೀರ್ಪು ನೀಡಿದೆ. ಆದರೆ ಸೀಸೆ ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. "ಸಾದಾ ಶುದ್ಧೀಕರಿಸಿದ ನೀರು ಕೊಡಿ" ಎಂದು ಕೇಳಿ.

ದರ್ಶಿನಿಯಲ್ಲಿ ಜಿಎಸ್‌ಟಿ 5, ಇಲ್ಲಿ 18 ಯಾಕೆ?

ತೆರಿಗೆಯ ದರವನ್ನು ನಿರ್ಧರಿಸುವುದು ನೀವು ತಿಂದ ದೋಸೆಯಲ್ಲ, ದೋಸೆ ಬಡಿಸಿದ ಆವರಣ. ಕೋಣೆಯ ದಿನದ ಬಾಡಿಗೆ 7,500 ರೂಪಾಯಿ ದಾಟುವ ಹೋಟೆಲುಗಳ ಒಳಗಿನ ರೆಸ್ಟೋರೆಂಟುಗಳಿಗೆ ಸಾಮಾನ್ಯವಾಗಿ ಶೇಕಡ 18ರ ದರ ಅನ್ವಯಿಸುತ್ತದೆ. ಅವು ತಾವು ಕೊಂಡ ಸಾಮಗ್ರಿಯ ಮೇಲೆ ಕೊಟ್ಟ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಿಂದ ಕಳೆಯಬಹುದು. ಶೇಕಡ 5ರ ದರದವರಿಗೆ ಆ ಅನುಕೂಲವಿಲ್ಲ. ಮದ್ಯ ಜಿಎಸ್‌ಟಿಯ ಹೊರಗಿರುವುದರಿಂದ ಬಿಲ್ಲಿನಲ್ಲಿ ಬೇರೆಯಾಗಿಯೇ ಕಾಣುತ್ತದೆ. ಮೆನುವಿನಲ್ಲಿ ಅಚ್ಚಾದ ಬೆಲೆಗೆ ಸುಮಾರು ಐದನೇ ಒಂದು ಭಾಗ ಸೇರಿಸಿಕೊಂಡು ಆರ್ಡರ್ ಮಾಡಿದರೆ ಕೊನೆಗೆ ಬಿಲ್ ನೋಡಿ ಬೆಚ್ಚುವ ಪ್ರಸಂಗ ಬರುವುದಿಲ್ಲ.

ಸರ್ವೀಸ್ ಚಾರ್ಜ್ ಕೊಡಲೇಬೇಕಾ? ಟಿಪ್ಸ್ ಎಷ್ಟು?

ಸರ್ವೀಸ್ ಚಾರ್ಜ್ ಸರ್ಕಾರಕ್ಕೆ ಹೋಗುವ ತೆರಿಗೆಯಲ್ಲ. ಗ್ರಾಹಕರನ್ನು ಕೇಳದೆ ಬಿಲ್ಲಿಗೆ ಅದನ್ನು ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಸೇರಿಸಿದ್ದರೆ ತೆಗೆಯಿರಿ ಎಂದು ಹೇಳಿ, ಒಪ್ಪದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಟಿಪ್ಸ್ ನಿಮ್ಮ ಮನಸ್ಸಿಗೆ ಬಿಟ್ಟದ್ದು. ಕೊಡುವುದಾದರೆ ನಗದಾಗಿ ಕೊಡಿ; ಹಲವು ಕಡೆ ಅದು ಒಂದೇ ಡಬ್ಬಿಗೆ ಬಿದ್ದು, ನೀವು ಕಾಣದ ಪಾತ್ರೆ ತೊಳೆಯುವವರವರೆಗೆ ಹಂಚಿಕೆಯಾಗುತ್ತದೆ. ಇನ್ನೊಂದು ಮಾತು: ನಿಮಗೆ ಚೆನ್ನಾಗಿ ಬಡಿಸಿದವರ ಹೆಸರನ್ನು ಅಭಿಪ್ರಾಯದ ಚೀಟಿಯಲ್ಲಿ ಬರೆದರೆ ಅದು ಬಡ್ತಿಯ ಹೊತ್ತಿನಲ್ಲಿ ಅವರ ಪರವಾಗಿ ಮಾತಾಡುತ್ತದೆ.

ಅದೇ ನೀರುದೋಸೆ, ಅದೇ ಕೋರಿ ಗಸಿ. ಇಷ್ಟು ಬೆಲೆ ಯಾಕೆ?

ಸಂಜೆ ಐದು ಗಂಟೆಗೆ, ಇನ್ನೂ ಯಾವ ಅತಿಥಿಯೂ ಬಾರದ ಹೊತ್ತಿನಲ್ಲಿ ಆ ಕೋಣೆಯನ್ನು ನೋಡಬೇಕು. ಕುದಿನೀರಿನ ಜಗ್ಗಿನ ಮೇಲೆ ಲೋಟವನ್ನು ಬೋರಲು ಹಿಡಿದು ಹಬೆ ತಾಗಿಸುತ್ತಾರೆ; ಗಾಜು ಮಂಜಾದೊಡನೆ ನೂಲು ಬಿಡದ ಬಟ್ಟೆಯ ಒಂದು ಮೂಲೆಯಲ್ಲಿ ಕಾಂಡವನ್ನು, ಇನ್ನೊಂದು ಮೂಲೆಯಲ್ಲಿ ಬಟ್ಟಲನ್ನು ಹಿಡಿದು, ಬರಿಗೈ ತಾಗದಂತೆ ತಿರುಗಿಸಿ ಒರೆಸಿ, ದೀಪಕ್ಕೆ ಎತ್ತಿ ನೋಡುತ್ತಾರೆ. ಬೆರಳ ಗುರುತು ಕಂಡರೆ ಮತ್ತೆ ಹಬೆ. ಹೀಗೆ ಒಂದು ಲೋಟವಾಯಿತು, ಇನ್ನೂ ಇನ್ನೂರಿರುತ್ತವೆ. ಮೇಜುಬಟ್ಟೆಯನ್ನು ಹಾಸಿದ ಮೇಲೆ ಮಡಿಕೆಯ ಗೆರೆ ಎಲ್ಲ ಮೇಜುಗಳಲ್ಲೂ ಒಂದೇ ದಿಕ್ಕಿಗಿರಬೇಕು. ದರ್ಶಿನಿಯ ಒಂದು ಮೇಜಿನ ಮುಂದೆ ಗಂಟೆಗೆ ಹತ್ತು ಮಂದಿ ನಿಂತು ತಿಂದು ಹೋಗುತ್ತಾರೆ. ಇಲ್ಲಿ ಒಂದು ಮೇಜು ಇಡೀ ರಾತ್ರಿ ನಿಮ್ಮದೇ, ಅದರ ಬಾಡಿಗೆಯನ್ನೂ ಅದರ ಸುತ್ತ ಓಡಾಡುವವರ ಸಂಬಳವನ್ನೂ ನಿಮ್ಮ ಒಂದು ಊಟವೇ ಹೊರಬೇಕು. ನೀರುದೋಸೆ ಮಾತ್ರ ಬೇಕಿದ್ದರೆ ಮಂಗಳೂರಿನ ಸಣ್ಣ ಖಾನಾವಳಿಯಲ್ಲಿ ಇದಕ್ಕೂ ಚೆನ್ನಾಗಿರುವುದು ಸಿಗಬಹುದು, ಅದನ್ನು ಒಪ್ಪುತ್ತೇನೆ. ಬಿಡುವಿನ ಮೂರು ಗಂಟೆ, ಅವಸರವಿಲ್ಲದ ಮಾತು, ಕೇಳುವ ಮುನ್ನವೇ ಬರುವ ನೀರು ಬೇಕಿದ್ದವರಿಗೆ ಈ ಬೆಲೆ.

ಇನ್ನೂ ತಿಳಿಯಬೇಕೆನ್ನುವವರಿಗೆ

ಟೇಸ್ಟಿಂಗ್ ಮೆನು ತಗೋಬೇಕಾ, ಬೇಡವಾ?

ಮೊದಲ ಭೇಟಿಯಲ್ಲಿ ಬೇಡ. ಬಾಣಸಿಗರೇ ಆಯ್ದ ಏಳೆಂಟು ಸಣ್ಣ ತಿನಿಸುಗಳ ಸರಣಿಯಿದು; ಸಾಮಾನ್ಯವಾಗಿ ಮೇಜಿನಲ್ಲಿರುವ ಎಲ್ಲರೂ ಅದನ್ನೇ ತೆಗೆದುಕೊಳ್ಳಬೇಕು, ಎರಡೂವರೆ ಗಂಟೆಯಾದರೂ ಕೂರಬೇಕು. ಮಕ್ಕಳಿಗೂ ಬೇಗ ಮಲಗುವ ಹಿರಿಯರಿಗೂ ಇದು ಶಿಕ್ಷೆಯಾಗುತ್ತದೆ.

ದೊಡ್ಡ ಊಟಕ್ಕೂ ದೊಡ್ಡ ಹೋಟೆಲಿಗೂ ನಂಟು ಬೆಳೆದದ್ದು ಹೇಗೆ? ನಮ್ಮಲ್ಲಿ ಮಿಶೆಲಿನ್ ನಕ್ಷತ್ರದ ಹೋಟೆಲು ಯಾವುದು?

ಲಂಡನ್ನಿನ ಸವಾಯ್ ಹೋಟೆಲ್ 1889ರಲ್ಲಿ ತೆರೆಯಿತು. ಅದರ ಆಡಳಿತ ಸೀಸರ್ ರಿಟ್ಜ್ ಕೈಗೂ ಅಡುಗೆಮನೆ ಆಗಸ್ಟ್ ಎಸ್ಕೋಫಿಯೆ ಕೈಗೂ ಬಂದಾಗ ಹೋಟೆಲಿನ ಊಟವೆಂದರೆ ಪ್ರಯಾಣಿಕರ ಹೊಟ್ಟೆ ತುಂಬಿಸುವುದು ಎಂಬ ಭಾವನೆ ಬದಲಾಯಿತು; ಸಾರ್ವಜನಿಕವಾಗಿ ಉಣ್ಣುವ ವಾಡಿಕೆಯಿಲ್ಲದಿದ್ದ ಅಲ್ಲಿಯ ಪ್ರತಿಷ್ಠಿತ ಮನೆತನಗಳ ಹೆಂಗಸರೂ ಊಟಕ್ಕೆ ಬರತೊಡಗಿದರು. 1898ರಲ್ಲಿ ಇಬ್ಬರೂ ಸೇರಿ ಪ್ಯಾರಿಸ್ಸಿನಲ್ಲಿ ರಿಟ್ಜ್ ಹೋಟೆಲನ್ನು ಕಟ್ಟಿ ನಿಲ್ಲಿಸಿದರು. ಸಾಸಿಗೊಬ್ಬರು, ಮೀನಿಗೊಬ್ಬರು, ಹುರಿಯಲಿಕ್ಕೊಬ್ಬರು ಎಂದು ಎಸ್ಕೋಫಿಯೆ ಹಂಚಿದ ಕೆಲಸದ ವ್ಯವಸ್ಥೆಯೇ ಇಂದಿಗೂ ದೊಡ್ಡ ಅಡುಗೆಮನೆಗಳಲ್ಲಿದೆ. ನಮ್ಮಲ್ಲಿ ವೆಸ್ಟ್ ಎಂಡ್ ಹೋಟೆಲ್ 1887ರಲ್ಲೇ ಬೆಂಗಳೂರು ದಂಡಿನಲ್ಲಿ ಬ್ರಾನ್ಸನ್ ಎಂಬಾಕೆಯ ಪುಟ್ಟ ವಸತಿಗೃಹವಾಗಿ ಆರಂಭವಾಗಿತ್ತು. ಉತ್ತಮ ಅಡುಗೆಗೆ ನಕ್ಷತ್ರ ಕೊಡುವ ಫ್ರಾನ್ಸಿನ ಮಿಶೆಲಿನ್ ರೆಸ್ಟೋರೆಂಟ್ ಮಾರ್ಗದರ್ಶಿ ಭಾರತದಲ್ಲಿ ಇಲ್ಲ. ಇಲ್ಲಿಯ ಯಾವುದೇ ರೆಸ್ಟೋರೆಂಟ್ ಆ ನಕ್ಷತ್ರ ತನಗಿದೆ ಎಂದರೆ ನಂಬಬೇಡಿ. ಹೋಟೆಲಿನ ಐದು ನಕ್ಷತ್ರಗಳು ಕೋಣೆ ಮತ್ತು ಸೌಕರ್ಯಗಳ ವರ್ಗೀಕರಣ, ಅಡುಗೆಯ ರುಚಿಗೆ ಕೊಟ್ಟ ಅಂಕವಲ್ಲ.

ನಮ್ಮ ಕಡೆಯ ಅಡುಗೆ ಅಂಥ ಮೇಜಿನ ಮೇಲೆ ಸಿಗತ್ತಾ, ಅಥವಾ ಬರೀ ವಿದೇಶಿಯದಾ?

ಸಿಗುತ್ತದೆ. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯ ತಾಜ್ ಸಮೂಹದ ಹೋಟೆಲಿನಲ್ಲಿ 1990ರಲ್ಲಿ ಕರಾವಳಿ ಎಂಬ ರೆಸ್ಟೋರೆಂಟ್ ಶುರುವಾದಾಗ ಪಂಚತಾರಾ ಹೋಟೆಲಿಗೆ ಬರುವವರು ಮನೆಯ ಅಡುಗೆಗೆ ಹಣ ಕೊಡುತ್ತಾರೆಯೇ ಎಂಬ ಶಂಕೆ ಸಹಜವಾಗಿತ್ತು. ಗೋವಾದಿಂದ ಮಂಗಳೂರಿನ ಮೂಲಕ ಕೇರಳದವರೆಗಿನ ಕಡಲತೀರದ ಮನೆಗಳಿಗೆ ಹೋಗಿ, ಗೃಹಿಣಿಯರ ಒಲೆಯ ಮುಂದೆ ನಿಂತು ಕಲಿತು ತಂದ ಅಡುಗೆಯೇ ಅದರ ಮೆನುವಾಯಿತು. ಕೊಡಗಿನವರಾದ ಬಾಣಸಿಗ ನರೇನ್ ತಿಮ್ಮಯ್ಯ ದಶಕಗಳ ಕಾಲ ಅದನ್ನು ಮುನ್ನಡೆಸಿದರು. ಬೆಂಗಳೂರಿನದೇ ಐಟಿಸಿ ವಿಂಡ್ಸರ್ ಹೋಟೆಲಿನ ದಕ್ಷಿಣ್ ರೆಸ್ಟೋರೆಂಟ್ ಬಾಳೆ ಎಲೆಯನ್ನು ಹೊಳೆಯುವ ತಟ್ಟೆಯಲ್ಲಿಟ್ಟು ದಕ್ಷಿಣದ ನಾಡುಗಳ ಊಟ ಬಡಿಸಿ ಹೆಸರಾಯಿತು.

ಉತ್ತರ ಕರ್ನಾಟಕದ ಅಡುಗೆಗೆ ಮಾತ್ರ ಇಂಥ ಕೋಣೆಗಳಲ್ಲಿ ಇನ್ನೂ ತಕ್ಕ ಜಾಗ ಸಿಕ್ಕಿಲ್ಲ ಎಂಬ ಕೊರಗು ನನ್ನದು. ಕಟಿರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿಪುಡಿ, ಕೆನೆಮೊಸರು ಇವುಗಳ ಕ್ರಮಬದ್ಧ ಊಟವೊಂದನ್ನು ಬೆಳ್ಳಗಿನ ಮೇಜುಬಟ್ಟೆಯ ಮೇಲೆ, ಅದಕ್ಕೆ ಸಲ್ಲುವ ಗೌರವದಿಂದ ಬಡಿಸುವ ಆಸೆ ಕೆಲಸದಲ್ಲಿದ್ದಾಗ ಈಡೇರಲಿಲ್ಲ. ಇಂಥ ಹೋಟೆಲಿಗೆ ನೀವು ಊಟಕ್ಕೆ ಹೋದಾಗ ಅಭಿಪ್ರಾಯದ ಚೀಟಿಯಲ್ಲಿ ಜೋಳದ ರೊಟ್ಟಿ ಕೇಳಿ ಬನ್ನಿ. ಆ ಚೀಟಿಗಳನ್ನು ಮರುದಿನ ಬೆಳಗಿನ ಸಭೆಯಲ್ಲಿ ಒಂದೊಂದಾಗಿ ಓದುತ್ತಾರೆ, ನಾನೂ ಓದಿದ್ದೇನೆ.